ಕಳ್ಳದೋಣಿಯೂ ಕಾವಲುದೋಣಿಯೂ

ಕಾರವಾರದಿಂದ ಗೋವೆಗೆ ಹೋಗುವ ದಾರಿಯಲ್ಲಿ ಮಾಜಾಳಿ ಎಂಬ ಊರಿದೆ. ಅಲ್ಲಿಗೆ ಕರ್ನಾಟಕ ಮುಗಿಯುತ್ತದೆ, ಗೋವೆ ಆರಂಭವಾಗುತ್ತದೆ. ಶಾಲೆಯ ಪ್ರವಾಸದಲ್ಲಿ ಗೋವೆಯನ್ನು ನೋಡಿಕೊಂಡು ಹಿಂದಿರುಗುವಾಗ ನಮ್ಮ ಬಸ್ಸನ್ನು ಅಲ್ಲಿಯ ನಾಕಾದಲ್ಲಿ ನಿಲ್ಲಿಸಿದರು. ಖಾಕಿ ತೊಟ್ಟ ಇಬ್ಬರು ಒಳಗೆ ಬಂದು ಸೀಟುಗಳ ಕೆಳಗೆ, ಚೀಲಗಳ ಸಂದಿಯಲ್ಲಿ, ಅಡಿಗೆಯ ಪಾತೇಲಿಗಳಲ್ಲಿ ಕೂಡ ಇಣಿಕಿ ನೋಡಿದರು. ಸಿಕ್ಕಿದ್ದೇನು? ಗೋಡಂಬಿಯ ಪೊಟ್ಟಣಗಳು, ಒಂದು ರಾಶಿ ಚಿಪ್ಪು, ಸಮುದ್ರದ ನೀರಿನಲ್ಲಿ ತೊಯ್ದ ಬಟ್ಟೆಗಳು. ಅವರು ನಕ್ಕು ಇಳಿದರು, ಬಸ್ಸು ಹೊರಟಿತು.

ಎಂಟನೆಯ ಇಯತ್ತೆಯ ಒಬ್ಬ ಹುಡುಗ ಕೇಳಿದ, "ಗುರೂಜಿ, ಇವ್ರು ಏನ ಹುಡುಕಾಕ ಬಂದಿದ್ರರಿ?"

"ಸಾರಾಯಿ. ಗೋವೆಯಲ್ಲಿ ಅದರ ಬೆಲೆ ಕಡಿಮೆ. ಅಲ್ಲಿಂದ ಕದ್ದು ತರುತ್ತಾರೆಂದು ನೋಡುತ್ತಾರೆ."

ಅವನು ಕಿಟಕಿಯಾಚೆಗಿನ ಸಮುದ್ರವನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಬಸ್ಸಿನ್ಯಾಗ ತಂದ್ರ ಹಿಡೀತಾರ. ಅಲ್ಲಿ ದೋಣ್ಯಾಗ ತಂದ್ರ ಯಾರ ಹಿಡೀತಾರ್ರಿ?"

ಬಸ್ಸಿನಲ್ಲಿ ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಆ ಹುಡುಗ ಕೇಳಿದ್ದನ್ನೇ ಕಳೆದ ಶತಮಾನದಲ್ಲಿ ದೊಡ್ಡ ದೊಡ್ಡ ಸರಕಾರಗಳು ತಮ್ಮಷ್ಟಕ್ಕೆ ತಾವು ಕೇಳಿಕೊಂಡಿದ್ದವು. ಉತ್ತರ ಹುಡುಕಲು ಹಡಗುಗಳನ್ನು ಕಟ್ಟಿದವು, ಕಾಯಿದೆಗಳನ್ನು ಮಾಡಿದವು, ಒಮ್ಮೊಮ್ಮೆ ತೋಪುಗಳನ್ನೂ ಹಾರಿಸಿದವು. ಊರಿಗೆ ಬಂದ ಮೇಲೆ ನಾವು ಈ ವಿಷಯವನ್ನು ಓದಿ ತಿಳಿದುಕೊಂಡೆವು. ತಿಳಿದದ್ದನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದೆ ಇಡುತ್ತಿದ್ದೇವೆ.

ನೀರಿನ ಮೇಲಿನ ಗಡಿ

ಸಮುದ್ರ ನಮ್ಮಿಂದ ದೂರವೆಂಬುದು ನಿಜ. ಆದರೆ ನೀರು, ದೋಣಿ, ಗಡಿ ಈ ಮೂರೂ ಅಕಿವಾಟದವರಿಗೆ ಹೊಸವಲ್ಲ. ನಮ್ಮ ಸೀಮೆಯ ಒಂದು ಬದಿಗೆ ಕೃಷ್ಣೆ, ಇನ್ನೊಂದು ಬದಿಗೆ ದೂಧಗಂಗೆ. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ನೌಕಾಪಡೆಯ ದೋಣಿಗಳು ಶಿರೋಳ ತಾಲೂಕಿಗೆ ಬಂದದ್ದನ್ನು ನಮ್ಮ ಮಕ್ಕಳು ನೋಡಿದ್ದಾರೆ. ಗಡಿಯಂತೂ ಕೂಗಳತೆಯಲ್ಲಿದೆ. ಆಚೆ ಚಿಕ್ಕೋಡಿಯ ಸೀಮೆ, ಈಚೆ ನಾವು. ಮಾತು ಒಂದು, ಬೆಳೆ ಒಂದು, ಬೀಗತನವೂ ಒಂದು. ರಾಜ್ಯ ಮಾತ್ರ ಎರಡು.

ಗಡಿಯ ಎರಡು ಬದಿಗೆ ಒಂದೇ ವಸ್ತುವಿಗೆ ಎರಡು ಬೆಲೆ ಇದ್ದರೆ ಏನಾಗುತ್ತದೆ? ಅಗ್ಗದ ಕಡೆಯ ವಸ್ತು ತುಟ್ಟಿಯ ಕಡೆಗೆ ಹರಿಯುತ್ತದೆ, ನೀರು ತಗ್ಗಿಗೆ ಹರಿದಂತೆ. ಇದಕ್ಕೆ ಪುಸ್ತಕ ಓದಬೇಕಾಗಿಲ್ಲ. ಗಡಿಯ ಊರಿನ ಕಿರಾಣಿ ಅಂಗಡಿಯವನಿಗೂ ಗೊತ್ತು. ಇನ್ನು ಒಂದು ಬದಿಗೆ ವಸ್ತು ಸಿಗುತ್ತದೆ, ಇನ್ನೊಂದು ಬದಿಗೆ ಅದು ಸಂಪೂರ್ಣ ನಿಷಿದ್ಧ ಎಂದಾದರೆ ಆ ಹರಿವು ಎಷ್ಟು ಜೋರಾಗಿರಬೇಕು! ದಾರೂಬಂದಿಯ ಕಾಲದಲ್ಲಿ ಕನ್ನಡ ಕರಾವಳಿಯಲ್ಲಿ ಆದದ್ದು ಇದೇ.

ದಾರೂಬಂದಿ ಬಂದದ್ದು ಹೇಗೆ?

ಮಹಾತ್ಮಾ ಗಾಂಧಿಯವರು ಪಾನನಿರೋಧವನ್ನು ಸ್ವರಾಜ್ಯದ ಕೆಲಸವೆಂದೇ ಎಣಿಸಿದ್ದರು. ಹೆಂಡದಂಗಡಿಗಳ ಮುಂದೆ ಹೆಂಗಸರು ನಿಂತು ಪಿಕೆಟಿಂಗ್ ಮಾಡಿದ್ದು ನಮ್ಮ ಸ್ವಾತಂತ್ರ್ಯ ಹೋರಾಟದ ಒಂದು ಭಾಗ. ೧೯೩೭ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಸರಕಾರಗಳು ಬಂದಾಗ ಮದ್ರಾಸಿನಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಿಂದ ಪಾನನಿರೋಧವನ್ನು ಆರಂಭಿಸಿದರು. ಸ್ವಾತಂತ್ರ್ಯ ಬಂದ ಮೇಲೆ ೧೯೪೮ರ ಅಕ್ಟೋಬರ್ ೨ರಿಂದ ಅದು ಇಡೀ ಮದ್ರಾಸ್ ಪ್ರಾಂತಕ್ಕೆ ಹಬ್ಬಿತು. ಕಾಸರಗೋಡು ಸೇರಿದಂತೆ ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು.

ಮುಂಬಯಿ ಪ್ರಾಂತದಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ, ಗೃಹಮಂತ್ರಿ ಮೊರಾರ್ಜಿ ದೇಸಾಯಿ. ಅವರ ಕಾಲದಲ್ಲಿ ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆ ಆಯಿತು. ೧೯೫೦ರ ಏಪ್ರಿಲ್ ೬ರಿಂದ ಸಂಪೂರ್ಣ ದಾರೂಬಂದಿ ಜಾರಿಗೆ ಬಂತು. ಏಪ್ರಿಲ್ ೬ ಎಂದರೆ ೧೯೩೦ರಲ್ಲಿ ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ದಿನ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕೂ ಕನ್ನಡ ಜಿಲ್ಲೆಗಳು ಆಗ ಮುಂಬಯಿ ರಾಜ್ಯದಲ್ಲಿದ್ದವು. ನಮ್ಮ ಕೊಲ್ಲಾಪುರ ಸಂಸ್ಥಾನವೂ ೧೯೪೯ರ ಮಾರ್ಚ್ ೧ರಂದು ಮುಂಬಯಿಯಲ್ಲಿ ವಿಲೀನವಾಗಿತ್ತು. ಹೀಗಾಗಿ ಕೃಷ್ಣೆಯ ಎರಡೂ ದಂಡೆಗೆ ಆಗ ಕಾನೂನು ಒಂದೇ. ಭಾರತದ ಸಂವಿಧಾನವೂ ತನ್ನ ೪೭ನೆಯ ಅನುಚ್ಛೇದದಲ್ಲಿ ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಹೇಳಿದೆ. ೧೯೫೧ರಲ್ಲಿ ಈ ಕಾಯಿದೆಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮದ್ಯಸಾರ ಬೆರೆತ ಔಷಧ, ಅತ್ತರು ಮೊದಲಾದವುಗಳಿಗೆ ಸಂಬಂಧಿಸಿದ ಕೆಲವು ಕಲಮುಗಳನ್ನು ನ್ಯಾಯಾಲಯ ತೆಗೆದುಹಾಕಿತು. ಉಳಿದ ಕಾಯಿದೆಯನ್ನು ಎತ್ತಿ ಹಿಡಿಯಿತು.

ಈಗ ನಕಾಶೆಯನ್ನು ತೆರೆದು ನೋಡಿರಿ. ಕಾಸರಗೋಡಿನಿಂದ ಕಾರವಾರದವರೆಗೆ ಕನ್ನಡ ಕರಾವಳಿಯೆಲ್ಲ ದಾರೂಬಂದಿಗೆ ಒಳಪಟ್ಟಿತು. ಆದರೆ ಕಾರವಾರದ ಬಡಗಣ ಮಗ್ಗುಲಿಗೇ ಗೋವೆ. ಅದು ೧೯೬೧ರವರೆಗೆ ಪೋರ್ತುಗೀಜರ ವಶದಲ್ಲಿತ್ತು. ಅಲ್ಲಿ ದಾರೂಬಂದಿ ಇಲ್ಲ. ಗೇರುಹಣ್ಣಿನಿಂದ, ತೆಂಗಿನ ಕಳ್ಳಿನಿಂದ ಭಟ್ಟಿ ಇಳಿಸಿದ ಫೆಣಿ ಅಲ್ಲಿ ಮನೆಮನೆಯ ಉದ್ಯೋಗ. ಪರದೇಶದ ಬಾಟಲಿಗಳೂ ಬಂದರಿಗೆ ಬರುತ್ತಿದ್ದವು. ತೆಂಕಣ ದಿಕ್ಕಿಗೆ, ಕಾಸರಗೋಡನ್ನು ದಾಟಿ ಮುಂದೆ ಹೋದರೆ ಮಾಹೆ. ಅದು ೧೯೫೪ರವರೆಗೆ ಫ್ರೆಂಚರದು. ಒಣಗಿದ ದಂಡೆಯ ಎರಡು ಕೊನೆಗೆ ಎರಡು ತುಂಬಿದ ಕೊಡಗಳನ್ನು ಇಟ್ಟಂತಾಯಿತು.

ದೋಣಿಯೇ ಏಕೆ?

ಗೋವೆಯಿಂದ ಸಾರಾಯಿ ಕಾಡಿನ ಕಾಲುದಾರಿಯಿಂದಲೂ ಬರುತ್ತಿತ್ತು, ನೀರಿನಿಂದಲೂ ಬರುತ್ತಿತ್ತು. ಕಳ್ಳಸಾಗಣೆದಾರನಿಗೆ ನೀರಿನ ದಾರಿ ಏಕೆ ಹಿಡಿಸುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲನೆಯದು, ಭಾರ. ತಲೆಹೊರೆಯಲ್ಲಿ ಒಬ್ಬನು ಹೆಚ್ಚೆಂದರೆ ಒಂದೆರಡು ಡಬ್ಬಿ ತಂದಾನು. ಒಂದು ಸಾಧಾರಣ ಮಚವೆಯಲ್ಲಿ ಹತ್ತಾರು ಆಳುಗಳ ಹೊರೆ ಒಮ್ಮೆಲೇ ಬರುತ್ತದೆ. ಎರಡನೆಯದು, ದಾರಿ. ರಸ್ತೆಗೆ ನಾಕಾ ಹಾಕಬಹುದು. ಸಮುದ್ರಕ್ಕೆ ಹಾಕಲು ಬರುವುದಿಲ್ಲ. ಮೂರನೆಯದು, ಮರೆ. ರಾತ್ರಿ ಮೀನು ಹಿಡಿಯಲು ನೂರಾರು ದೋಣಿಗಳು ಹೋಗುತ್ತವೆ. ಅವುಗಳಲ್ಲಿ ಕಳ್ಳದೋಣಿ ಯಾವುದು, ಮೀನಿನ ದೋಣಿ ಯಾವುದು ಎಂದು ದೂರದಿಂದ ಗುರುತಿಸುವುದು ಹೇಗೆ? ನಾಲ್ಕನೆಯದು, ಅಳಿವೆಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಹೀಗೆ ಉತ್ತರ ಕನ್ನಡದಲ್ಲಿ ನದಿಗಳು ಸಮುದ್ರ ಸೇರುವ ಕಡೆ ಅಗಲವಾದ ಹಿನ್ನೀರು ಇರುತ್ತದೆ. ಭರತದ ವೇಳೆಗೆ ಸಣ್ಣ ದೋಣಿ ಒಳನಾಡಿನ ತೆಂಗಿನ ತೋಟದ ಬುಡಕ್ಕೇ ಹೋಗಿ ನಿಲ್ಲಬಲ್ಲದು. ಐದನೆಯದು ಎಲ್ಲಕ್ಕಿಂತ ಮುಖ್ಯ: ಸಾಕ್ಷ್ಯ. ಕಾವಲಿನವರು ಕಂಡರೆ ಮಾಲನ್ನು ನೀರಿಗೆ ಚೆಲ್ಲಿಬಿಟ್ಟರಾಯಿತು. ದೋಣಿಯಲ್ಲಿ ಉಳಿಯುವುದು ಬಲೆ ಮತ್ತು ಬುಟ್ಟಿ. ನ್ಯಾಯಾಲಯಕ್ಕೆ ಏನನ್ನು ತೋರಿಸಬೇಕು?

ಈಗ ಕಾವಲಿನವರ ಪಾಡನ್ನು ನೋಡೋಣ. ಇದು ಗಣಿತದ ತಾಸಿನಲ್ಲಿ ಮಾಡಬಹುದಾದ ಲೆಕ್ಕ. ಉತ್ತರ ಕನ್ನಡದ ದಂಡೆಯ ಉದ್ದ ಸುಮಾರು ೧೪೦ ಕಿಲೋಮೀಟರ್. ತಾಸಿಗೆ ೨೦ ಕಿಲೋಮೀಟರ್ ಓಡುವ ಒಂದು ಕಾವಲು ಲಾಂಚು ಇದೆಯೆಂದು ಹಿಡಿಯಿರಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಅದಕ್ಕೆ ೭ ತಾಸು ಬೇಕು. ಅಂದರೆ ರಾತ್ರಿಯೆಲ್ಲ ಓಡಿದರೂ ಒಂದು ಊರಿನ ಮುಂದೆ ಅದು ಒಮ್ಮೆ ಹಾಯ್ದು ಹೋಗುತ್ತದೆ, ಅಷ್ಟೆ. ಕಳ್ಳದೋಣಿಗೆ ಮಾಲು ಇಳಿಸಲು ಅರ್ಧ ತಾಸು ಸಾಕು. ಲಾಂಚು ಹಾಯ್ದು ಹೋದದ್ದನ್ನು ನೋಡಿ ದಂಡೆಯ ಮೇಲಿನಿಂದ ಒಬ್ಬನು ಕಂದೀಲು ತೋರಿಸಿದರೆ ಮುಗಿಯಿತು. ಲಾಂಚುಗಳನ್ನು ಹತ್ತು ಮಾಡಿದರೂ ಈ ಕಂದೀಲನ್ನು ಆರಿಸಲು ಆಗುವುದಿಲ್ಲ. ಈ ಕಂದೀಲಿನ ಮಾತನ್ನು ನೆನಪಿಡಿರಿ. ಮುಂದೆ ಮತ್ತೆ ಬರುತ್ತದೆ.

ಕಾರವಾರದ ಕಣ್ಣೆದುರಿನ ಪರದೇಶ

ಸಮುದ್ರದ ಕಾವಲು ಆಗ ಮುಖ್ಯವಾಗಿ ಸುಂಕದ ಇಲಾಖೆ, ಎಂದರೆ ಕಸ್ಟಮ್ಸ್‌ನವರ ಕೆಲಸ. ಅವರ ಕೈಯಲ್ಲಿದ್ದದ್ದು ೧೮೭೮ರ ಸಾಗರ ಸುಂಕದ ಕಾಯಿದೆ. ಬ್ರಿಟಿಷರು ಮಾಡಿದ ಆ ಕಾಯಿದೆಯ ಜಾಗದಲ್ಲಿ ೧೯೬೨ರ ಕಸ್ಟಮ್ಸ್ ಕಾಯಿದೆ ಬಂತು. ಒಳನಾಡಿನಲ್ಲಿ ಸಾರಾಯಿ ಹಿಡಿಯುವ ಕೆಲಸ ಪೊಲೀಸರದು ಮತ್ತು ಅಬಕಾರಿಯವರದು.

ದಂಡೆಯಿಂದ ಎಷ್ಟು ದೂರದವರೆಗೆ ಸಮುದ್ರ ನಮ್ಮದು? ಹಳೆಯ ರೂಢಿಯಂತೆ ೩ ನಾವಿಕ ಮೈಲಿ. ಒಂದು ನಾವಿಕ ಮೈಲಿ ಎಂದರೆ ೧,೮೫೨ ಮೀಟರ್. ಮೂರಾದರೆ ಸುಮಾರು ಐದೂವರೆ ಕಿಲೋಮೀಟರ್. ನಮ್ಮ ಮಕ್ಕಳು ಸೈಕಲ್ ಮೇಲೆ ಅರ್ಧ ತಾಸಿನೊಳಗೆ ಮುಗಿಸುವ ದೂರ! ಭಾರತ ಸರಕಾರ ೧೯೫೬ರಲ್ಲಿ ಇದನ್ನು ೬ ಮೈಲಿಗೆ, ೧೯೬೭ರಲ್ಲಿ ೧೨ ಮೈಲಿಗೆ ವಿಸ್ತರಿಸಿತು. ಈಗಲೂ ೧೨ ಮೈಲಿಯೇ ಇದೆ.

ಕಾರವಾರದವರಿಗಂತೂ ಪರದೇಶ ಕಣ್ಣೆದುರಿಗೇ ಇತ್ತು. ಕಾರವಾರದ ದಂಡೆಗೆ ಸಮೀಪದಲ್ಲಿ ಅಂಜದೀವ ಎಂಬ ಪುಟ್ಟ ನಡುಗಡ್ಡೆ ಇದೆ. ಅದೂ ಪೋರ್ತುಗೀಜರದು. ದಿನವೂ ಮೀನಿಗೆ ಹೋಗುವ ಬೆಸ್ತರು ಆ ನಡುಗಡ್ಡೆಯ ಸುತ್ತಿನ ನೀರಿನಲ್ಲೇ ಬಲೆ ಬೀಸಬೇಕು. ೧೯೫೫ರ ಆಗಸ್ಟ್ ೧೫ರಂದು ಗೋವಾ ವಿಮೋಚನೆಯ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜರು ಗುಂಡು ಹಾರಿಸಿದರು. ಅನಂತರ ಭಾರತ ಸರಕಾರ ಗಡಿಯನ್ನು ಮುಚ್ಚಿತು, ರೈಲೂ ನಿಂತಿತು. ಭೂಮಿಯ ಬಾಗಿಲು ಬಿಗಿಯಾದಷ್ಟೂ ಕಳ್ಳಸಾಗಣೆದಾರರ ಕಣ್ಣು ನೀರಿನ ಮೇಲೆ ಬಿತ್ತು. ಸಾರಾಯಿಯ ಜೊತೆಗೆ ಬಂಗಾರ, ಕೈಗಡಿಯಾರಗಳೂ ಗೋವೆಯಿಂದ ಕದ್ದು ಬರುತ್ತಿದ್ದವು.

ಇಂಥ ವೇಳೆಯಲ್ಲಿ ನಡುವೆ ಸಿಕ್ಕು ನಲುಗಿದವನು ಬಡ ಬೆಸ್ತನೇ. ಈಚೆಯ ಕಾವಲಿನವರಿಗೆ ಅವನ ಬುಟ್ಟಿಯ ಮೇಲೆ ಸಂಶಯ. ಆಚೆಯ ಪೋರ್ತುಗೀಜ ಸೈನಿಕರಿಗೆ ಅವನ ದೋಣಿಯ ಮೇಲೆ ಸಂಶಯ. ೧೯೬೧ರ ನವೆಂಬರದಲ್ಲಿ ಅಂಜದೀವದಿಂದ ಹಾರಿಸಿದ ಗುಂಡಿಗೆ ಒಬ್ಬ ಬೆಸ್ತನು ಪ್ರಾಣ ಕಳೆದುಕೊಂಡನು. ಅದೇ ಡಿಸೆಂಬರ್ ೧೮ರಂದು ಭಾರತದ ನೌಕಾಪಡೆ ಅಂಜದೀವದ ಮೇಲೆ ಇಳಿಯಿತು. ಆ ಕಾರ್ಯಾಚರಣೆಯಲ್ಲಿ ನಮ್ಮ ಏಳು ನಾವಿಕರು ಮಡಿದರು. ಮರುದಿನ ಗೋವೆ ಸ್ವತಂತ್ರವಾಯಿತು. ಈಗ ಅಂಜದೀವ ನಮ್ಮ ಕದಂಬ ನೌಕಾನೆಲೆಯ ಭಾಗವಾಗಿದೆ.

ಅಮೇರಿಕೆಯ 'ರಮ್ ಸಾಲು'

ದಾರೂಬಂದಿಯ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ನಮಗಿಂತ ಮೂವತ್ತು ವರ್ಷ ಮೊದಲೇ ಅಮೇರಿಕೆ ಅದನ್ನು ಅನುಭವಿಸಿತ್ತು. ಅಲ್ಲಿ ೧೯೨೦ರ ಜನವರಿ ೧೭ರಂದು ದೇಶಕ್ಕೆಲ್ಲ ದಾರೂಬಂದಿ ಬಂತು. ೧೯೩೩ರ ಡಿಸೆಂಬರ್ ೫ರಂದು ಮುಗಿಯಿತು. ಈ ಸುಮಾರು ೧೪ ವರ್ಷಗಳ ಕಥೆ ಎಂದರೆ 'ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ' ಎಂಬ ನಮ್ಮ ಗಾದೆಯೇ.

ಅಮೇರಿಕೆಯ ಕಾನೂನು ನಡೆಯುವುದು ದಂಡೆಯಿಂದ ೩ ಮೈಲಿಯವರೆಗೆ. ಆದ್ದರಿಂದ ಹೊರಗಿನ ಹಡಗುಗಳು ನ್ಯೂಯಾರ್ಕ್, ನ್ಯೂಜೆರ್ಸಿಗಳ ಮುಂದೆ ೩ ಮೈಲಿ ದಾಟಿದ ಕೂಡಲೇ ಲಂಗರು ಹಾಕಿ ಸಾಲಾಗಿ ನಿಂತವು. ಸಂತೆಯಲ್ಲಿ ಅಂಗಡಿ ಹೂಡಿದಂತೆ! ಇದಕ್ಕೆ 'ರಮ್ ಸಾಲು' ಎಂದು ಹೆಸರಾಯಿತು. ರಾತ್ರಿಯಾದೊಡನೆ ದಂಡೆಯಿಂದ ಚುರುಕಾದ ಸಣ್ಣ ದೋಣಿಗಳು ಹೋಗಿ ಕೊಂಡು ತರುತ್ತಿದ್ದವು. ಬಿಲ್ ಮೆಕಾಯ್ ಎಂಬ ದೋಣಿ ಕಟ್ಟುವ ಕಸುಬಿನವನು ಬಹಾಮಾ ದ್ವೀಪಗಳಿಂದ ಮಾಲು ತಂದು ಈ ವ್ಯಾಪಾರದಲ್ಲಿ ಹೆಸರಾದ. ಬಾಟಲಿಗಳನ್ನು ಪೆಟ್ಟಿಗೆಯಲ್ಲಿ ಇಡುವ ಬದಲು ಆರಾರರಂತೆ ಹುಲ್ಲು ಸುತ್ತಿ ಗೋಣಿತಟ್ಟಿನಲ್ಲಿ ಹೊಲಿಯುವ ಯುಕ್ತಿ ಅವನದು. ಇದರಿಂದ ಜಾಗ ಉಳಿಯಿತು, ಬಾಟಲಿ ಒಡೆಯುವುದೂ ತಪ್ಪಿತು. ೧೯೨೩ರ ನವೆಂಬರದಲ್ಲಿ ಅವನನ್ನು ಹಿಡಿದು ಸೆರೆಮನೆಗೆ ಕಳಿಸಿದರು. ಸಾಲು ಮಾತ್ರ ಕರಗಲಿಲ್ಲ.

ಈ ಸಾಲನ್ನು ಒಡೆಯುವ ಕೆಲಸ ಅಲ್ಲಿಯ ತಟರಕ್ಷಕ ಪಡೆಗೆ ಬಂತು. ೧೯೧೫ರಲ್ಲಿ ಹುಟ್ಟಿದ ಆ ಪಡೆಯ ಮೊದಲಿನ ಕೆಲಸಗಳಲ್ಲಿ ಒಂದು ಮುಳುಗುವವರನ್ನು ಬದುಕಿಸುವುದು. ಈಗ ಅದು ಬಾಟಲಿ ಹುಡುಕತೊಡಗಿತು. ೧೯೨೪ರಲ್ಲಿ ನೌಕಾಪಡೆಯ ೨೦ ಹಳೆಯ ಯುದ್ಧನೌಕೆಗಳನ್ನು ಅದಕ್ಕೆ ಕೊಟ್ಟರು. ೭೫ ಅಡಿ ಉದ್ದದ ಗಸ್ತಿನ ದೋಣಿಗಳನ್ನು ೨೦೦ಕ್ಕೂ ಹೆಚ್ಚು ಕಟ್ಟಿಸಿದರು. ಅದೇ ವರ್ಷ ಬ್ರಿಟನ್ನಿನೊಂದಿಗೆ ಒಪ್ಪಂದವಾಗಿ, ೩ ಮೈಲಿಯ ಬದಲು, ಹಡಗು ಒಂದು ತಾಸಿನಲ್ಲಿ ದಂಡೆ ಮುಟ್ಟಬಹುದಾದಷ್ಟು ದೂರದವರೆಗೆ ಶೋಧ ಮಾಡಲು ಅಧಿಕಾರ ಸಿಕ್ಕಿತು. ಆಗ ಕಳ್ಳ ಹಡಗುಗಳು ಇನ್ನೂ ಆಚೆಗೆ ಸರಿದವು. ವಿಮಾನದ ಹಳೆಯ ಎಂಜಿನ್ ಕೂಡಿಸಿ ದೋಣಿಗಳ ಓಟವನ್ನು ಹೆಚ್ಚಿಸಿಕೊಂಡವು. ಗುಪ್ತಲಿಪಿಯಲ್ಲಿ ರೇಡಿಯೋ ಸಂದೇಶಗಳನ್ನು ಕಳಿಸತೊಡಗಿದವು. ಆ ಲಿಪಿಯನ್ನು ಒಡೆದವರು ಎಲಿಜಬೆತ್ ಫ್ರೀಡ್ಮನ್ ಎಂಬ ಹೆಣ್ಣುಮಗಳು. ತಟರಕ್ಷಕ ಪಡೆಗಾಗಿ ಅವರು ಇಂಥ ಸಾವಿರಾರು ಸಂದೇಶಗಳನ್ನು ಬಿಡಿಸಿದರು, ನ್ಯಾಯಾಲಯದಲ್ಲಿ ಸಾಕ್ಷಿಯನ್ನೂ ನುಡಿದರು. ಗಣಿತ, ಭಾಷೆ ಕಲಿತು ಏನು ಉಪಯೋಗ ಎಂದು ಕೇಳುವ ನಮ್ಮ ಹುಡುಗಿಯರು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.

೧೯೨೯ರ ಮಾರ್ಚ್ ೨೨ರಂದು ನಡೆದದ್ದು ದುಃಖದ ಸಂಗತಿ. ಕೆನಡಾದಲ್ಲಿ ನೋಂದಾಯಿಸಿದ 'ಐಯಾಮ್ ಅಲೋನ್' ಎಂಬ ಹಡಗನ್ನು ತಟರಕ್ಷಕರು ದಂಡೆಯಿಂದ ಬೆನ್ನಟ್ಟಿ, ೨೦೦ ಮೈಲಿಗೂ ಹೆಚ್ಚು ದೂರದಲ್ಲಿ, ಗುಂಡು ಹಾರಿಸಿ ಮುಳುಗಿಸಿದರು. ನಾವಿಕನೊಬ್ಬ ಸತ್ತನು. ಜಗಳ ಎರಡು ದೇಶಗಳ ಪಂಚಾಯತಿಗೆ ಹೋಯಿತು. ೧೯೩೫ರಲ್ಲಿ ತೀರ್ಪು ಬಂತು: ಹಡಗು ಹೆಸರಿಗೆ ಮಾತ್ರ ಕೆನಡಾದ್ದು, ನಿಜವಾದ ಒಡೆಯರು ಅಮೇರಿಕೆಯವರೇ, ಆದ್ದರಿಂದ ಹಡಗಿಗೆ ಪರಿಹಾರವಿಲ್ಲ, ಆದರೆ ಬೇಕೆಂದೇ ಮುಳುಗಿಸಿದ್ದು ತಪ್ಪು, ಅಮೇರಿಕೆ ಕೆನಡಾದ ಕ್ಷಮೆ ಕೇಳಿ ೨೫,೦೦೦ ಡಾಲರ್ ಕೊಡಬೇಕು, ನಾವಿಕರಿಗೂ ಅವರ ಕುಟುಂಬದವರಿಗೂ ಬೇರೆ ಹಣ ಕೊಡಬೇಕು. ತೀರ್ಪು ಬರುವ ಹೊತ್ತಿಗೆ ದಾರೂಬಂದಿಯೇ ಮುಗಿದಿತ್ತು. ಸತ್ತವನು ಮಾತ್ರ ಮರಳಿ ಬರಲಿಲ್ಲ.

ಯುರೋಪಿನ ಫಿನ್ಲೆಂಡ್ ದೇಶವೂ ೧೯೧೯ರಿಂದ ೧೯೩೨ರವರೆಗೆ ದಾರೂಬಂದಿ ನಡೆಸಿ ನೋಡಿತು. ಅಲ್ಲಿ ನಡುಗಡ್ಡೆಗಳು ಲೆಕ್ಕವಿಲ್ಲದಷ್ಟು. ಕಳ್ಳರು ಸ್ಪಿರಿಟ್ ಡಬ್ಬಿಗಳನ್ನು ಒಂದಕ್ಕೊಂದು ಕಟ್ಟಿ ದೋಣಿಯ ಹಿಂದೆ ನೀರಿನಲ್ಲೇ ಎಳೆದು ತರುತ್ತಿದ್ದರು. ಕಾವಲಿನವರು ಬಂದರೆ ಹಗ್ಗ ಬಿಟ್ಟುಬಿಡುವುದು. ಕೊನೆಗೆ ೧೯೩೧ರ ಡಿಸೆಂಬರದಲ್ಲಿ ಜನರ ಮತ ಕೇಳಿದಾಗ ನೂರಕ್ಕೆ ೭೦ ಮಂದಿ ದಾರೂಬಂದಿ ಬೇಡವೆಂದರು.

ತಪ್ಪಿದ್ದು ಎಲ್ಲಿ?

ಇಷ್ಟನ್ನು ಓದಿ, 'ದಾರೂಬಂದಿ ಎಂದರೆ ಹುಚ್ಚು ಕೆಲಸ' ಎಂದು ಯಾರಾದರೂ ಅಂದರೆ ಅದು ಅವಸರದ ಮಾತಾದೀತು. ಕುಡಿತದಿಂದ ಹಾಳಾದ ಮನೆಯನ್ನು ನೋಡದ ಊರು ಯಾವುದಿದೆ? ಕಬ್ಬಿನ ಬಿಲ್ಲು ಬಂದ ದಿನವೇ ಅರ್ಧ ಕರಗುವ ಮನೆಗಳಿವೆ. ಶಾಲೆಯ ಫೀಸಿಗೆ, ವಹಿ ಪುಸ್ತಕಕ್ಕೆ ಎಂದು ತಾಯಿ ಕಾಳಿನ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡು ಮಾಯವಾಗುವ ಮನೆಗಳಿವೆ. ಆ ಮನೆಯ ಮಕ್ಕಳು ನಮ್ಮ ವರ್ಗದಲ್ಲಿಯೇ ಕುಳಿತಿರುತ್ತಾರೆ. ಅವರ ಮುಖ ನೋಡಿದರೆ ನಮಗೆ ತಿಳಿಯುತ್ತದೆ. ದಾರೂಬಂದಿಯ ಕಾಯಿದೆ ಹುಟ್ಟಿದ್ದು ಇಂಥ ತಾಯಂದಿರ ಕಣ್ಣೀರಿನಿಂದ. ಅದರ ಉದ್ದೇಶ ಸುಳ್ಳಾಗಿರಲಿಲ್ಲ.

ಹಾಗಾದರೆ ತಪ್ಪಿದ್ದು ಎಲ್ಲಿ? ನಮಗೆ ತೋಚುವ ಉತ್ತರ ಇದು: ಕಾಯಿದೆ ದಂಡೆಯವರೆಗೆ ಬಂತು, ದಂಡೆಯ ಜನರ ಮನಸ್ಸಿನೊಳಗೆ ಇಳಿಯಲಿಲ್ಲ.

ಆ ಕಂದೀಲನ್ನು ನೆನಪು ಮಾಡಿಕೊಳ್ಳಿರಿ. ಅದನ್ನು ಹಿಡಿದವನು ಊರಿನವನೇ. ದೋಣಿ ಬಂದದ್ದು ನೆರೆಯವನಿಗೆ ಗೊತ್ತು, ಮಾಲು ಇಟ್ಟ ತೋಟದ ಒಡೆಯನಿಗೆ ಗೊತ್ತು, ಕೊಂಡು ಕುಡಿಯುವವನಿಗಂತೂ ಗೊತ್ತೇ ಗೊತ್ತು. ಇವರೆಲ್ಲ ಬಾಯಿ ಮುಚ್ಚಿಕೊಂಡಿದ್ದರೆ ನೂರು ಲಾಂಚು ಬಂದರೂ ಕುರುಡು. ಇವರಲ್ಲಿ ಹತ್ತು ಮಂದಿ 'ಇದು ನಮ್ಮ ಊರಿಗೆ ಬೇಡ' ಎಂದರೆ ಒಂದು ಲಾಂಚೂ ಬೇಕಾಗುವುದಿಲ್ಲ.

ಅನ್ಯಾಯದ ಮಾತು ಇನ್ನೊಂದಿದೆ. ಹಿಡಿದಾಗ ಸಿಗುವವನು ಹುಟ್ಟು ಹಾಕುವ ಕೂಲಿಯವನು. ಮಳೆಗಾಲದಲ್ಲಿ ಮೀನಿಲ್ಲದೆ ಸಾಲ ಮಾಡಿದವನಿಗೆ ಒಂದು ರಾತ್ರಿಯ ಕೂಲಿ ದೊಡ್ಡದಾಗಿ ಕಾಣುತ್ತದೆ. ಮಾಲಿನ ಒಡೆಯ ದೋಣಿಯಲ್ಲಿ ಎಂದೂ ಕೂಡುವುದಿಲ್ಲ. ಸೆರೆಮನೆ ಕೂಲಿಯವನಿಗೆ, ಲಾಭ ಒಡೆಯನಿಗೆ. ಕಾವಲಿನವರಲ್ಲಿಯೂ ಕೆಲವರು ಲಂಚಕ್ಕೆ ಕೈ ಚಾಚಿದರೆ 'ಬೇಲಿಯೇ ಎದ್ದು ಹೊಲ ಮೇಯಿತು' ಎಂಬಂತಾಗುತ್ತದೆ. ಅಮೇರಿಕೆಯಲ್ಲಿಯೂ ಹಾಗೆಯೇ ಆಯಿತು. ಇದನ್ನು ನೋಡಿದ ಜನರಿಗೆ ಕಾಯಿದೆಯ ಮೇಲಿನ ಗೌರವವೇ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ದಾರು ಬರಲು ಸಮುದ್ರವೇ ಬೇಕೆಂದಿಲ್ಲ. ಬೆಲ್ಲ, ನವಸಾಗರ, ಒಂದು ಮಡಕೆ, ಒಂದು ಕೊಳವೆ ಇದ್ದರೆ ಹಳ್ಳದ ದಂಡೆಯಲ್ಲಿ ಹಾತಭಟ್ಟಿ ಉರಿಯುತ್ತದೆ. ಬೆಲ್ಲಕ್ಕೆ ಹೆಸರಾದ ನಮ್ಮ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕೆ? ಕದ್ದು ಮಾಡಿದ ದಾರುವಿನಲ್ಲಿ ವಿಷದ ಭಯ ಬೇರೆ. ಲಾಭಕ್ಕಾಗಿ ಮೆಥೆನಾಲ್ ಬೆರೆಸಿದರೆ ಕುಡಿದವನ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ೧೯೮೧ರ ಜುಲೈಯಲ್ಲಿ ಬೆಂಗಳೂರಿನ ಸುತ್ತ ಹೀಗೆ ೩೦೦ಕ್ಕೂ ಹೆಚ್ಚು ಮಂದಿ ಸತ್ತರು. ಆಗ ಕರ್ನಾಟಕದಲ್ಲಿ ದಾರೂಬಂದಿ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಮೈಸೂರು ರಾಜ್ಯ ಅದನ್ನು ೧೯೬೭ರಲ್ಲಿಯೇ ತೆಗೆದಿತ್ತು. ಅಂದರೆ ಬರಿಯ ಬಂದಿಯಿಂದ ಎಲ್ಲ ಸರಿಹೋಗುವುದಿಲ್ಲ. ಬಂದಿ ತೆಗೆದರೂ ಎಲ್ಲ ಸರಿಹೋಗುವುದಿಲ್ಲ.

'ವಯಂ ರಕ್ಷಾಮಃ'

ದಾರೂಬಂದಿ ಸಡಿಲಾದ ಮೇಲೂ ಕಳ್ಳದೋಣಿಗಳು ನಿಲ್ಲಲಿಲ್ಲ. ಬಂಗಾರ, ಗಡಿಯಾರ, ಬಟ್ಟೆ ಎಂದು ಮಾಲು ಬದಲಾಯಿತು. ಸಮುದ್ರಕ್ಕೆಂದೇ ಒಂದು ಪಡೆ ಬೇಕೆಂಬುದು ಸರಕಾರಕ್ಕೆ ಮನವರಿಕೆಯಾಯಿತು. ೧೯೭೪ರಲ್ಲಿ ರುಸ್ತುಮಜಿಯವರ ಸಮಿತಿ ಇದನ್ನು ವಿಚಾರಿಸಿತು. ೧೯೭೮ರ ಆಗಸ್ಟಿನಲ್ಲಿ ಭಾರತೀಯ ತಟರಕ್ಷಕ ಪಡೆ ವಿಧಿವತ್ತಾಗಿ ಆರಂಭವಾಯಿತು. ಮೊದಲು ಅದರ ಬಳಿ ಇದ್ದದ್ದು ನೌಕಾಪಡೆ ಕೊಟ್ಟ ಏಳೇ ಹಡಗುಗಳು. ಉದ್ಘಾಟನೆ ಮಾಡಿದವರು ಯಾರು ಗೊತ್ತೇ? ಆಗಿನ ಪ್ರಧಾನಿ ಮೊರಾರ್ಜಿ ದೇಸಾಯಿ. ಮುಂಬಯಿಯಲ್ಲಿ ದಾರೂಬಂದಿ ತಂದ ಗೃಹಮಂತ್ರಿಯೇ ಮೂರು ದಶಕಗಳ ಅನಂತರ ಸಮುದ್ರಕ್ಕೂ ಕಾವಲು ಇಟ್ಟರು.

ಹಳೆಯ ಕಥೆ ಇನ್ನೂ ಮುಗಿದಿಲ್ಲ. ಗುಜರಾತಿನಲ್ಲಿ ಮುಂಬಯಿ ರಾಜ್ಯದ ಅದೇ ೧೯೪೯ರ ಕಾಯಿದೆ ಬೇರೆ ಹೆಸರಿನಲ್ಲಿ ಇಂದಿಗೂ ಇದೆ. ಪಕ್ಕದ ದಮನದಲ್ಲಿ ದಾರು ಸಿಗುತ್ತದೆ. ಅಲ್ಲಿಂದ ಮೀನಿನ ದೋಣಿಗಳಲ್ಲಿ ಬರುವ ಮಾಲನ್ನು ಪೊಲೀಸರು ಹಿಡಿಯುತ್ತಲೇ ಇರುತ್ತಾರೆ. ಮಾಜಾಳಿಯ ನಾಕಾವನ್ನಂತೂ ನಮ್ಮ ಮಕ್ಕಳೇ ಕಂಡು ಬಂದರು.

ನಮ್ಮ ತಟರಕ್ಷಕ ಪಡೆಯ ಧ್ಯೇಯವಾಕ್ಯ 'ವಯಂ ರಕ್ಷಾಮಃ'. ಎಂದರೆ 'ನಾವು ರಕ್ಷಿಸುತ್ತೇವೆ'. ಈ 'ನಾವು' ಯಾರು? ಹಡಗಿನ ಮೇಲೆ ನಿಂತ ಜವಾನರು ಮಾತ್ರವೇ?

ಮಹಾರಾಷ್ಟ್ರದ ಪಾಲಕರಿಗೆ ಇದಕ್ಕೆ ಉತ್ತರ ಗೊತ್ತಿದೆ. ನಮ್ಮ ರಾಜ್ಯದಲ್ಲಿ ಊರಿನ ಹೆಣ್ಣುಮಕ್ಕಳು ಅರ್ಜಿ ಕೊಟ್ಟು, ಮತ ಹಾಕಿ, ದಾರುವಿನ ಅಂಗಡಿಯನ್ನು ಮುಚ್ಚಿಸಲು ಬರುತ್ತದೆ. ಮತಪತ್ರಿಕೆಯ ಮೇಲೆ ಎರಡು ಚಿತ್ರ: ಒಂದು ನಿಂತ ಬಾಟಲಿ, ಒಂದು ಅಡ್ಡ ಬಿದ್ದ ಬಾಟಲಿ. ಅಡ್ಡ ಬಾಟಲಿ ಗೆದ್ದರೆ ಅಂಗಡಿ ಬಂದ್. ಎಷ್ಟೋ ಹಳ್ಳಿಗಳಲ್ಲಿ ಓದಲು ಬರೆಯಲು ಬಾರದ ಅಜ್ಜಿಯರು ಸಾಲಿನಲ್ಲಿ ನಿಂತು ಬಾಟಲಿಯನ್ನು ಅಡ್ಡ ಮಲಗಿಸಿದ್ದಾರೆ. ಅಲ್ಲಿ ಕಾಯಿದೆ ಮೇಲಿನಿಂದ ಇಳಿದು ಬರಲಿಲ್ಲ. ಊರಿನ ಒಳಗಿನಿಂದ ಎದ್ದು ಬಂತು. ಅಂಥ ಊರಿನಲ್ಲಿ ಕದ್ದು ಮಾರುವವನು ಪೊಲೀಸರಿಗಿಂತ ಹೆಚ್ಚಾಗಿ ನೆರೆಮನೆಯ 'ಅವ್ವ'ನಿಗೆ ಹೆದರಬೇಕಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಆ ಹುಡುಗ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. 'ಕಸ್ಟಮ್ಸ್‌ನವರು ಹಿಡಿಯುತ್ತಾರೆ, ಕೂಡು' ಎಂದು ಅವನನ್ನು ಕೂಡಿಸಿದೆವು. ಇಂದು ಉತ್ತರ ಹೇಳುತ್ತಿದ್ದೇವೆ. ದೋಣಿಯನ್ನು ಕಾವಲಿನವರು ಹಿಡಿಯಬಲ್ಲರು. ಆದರೆ ದೋಣಿಗೆ ಕಂದೀಲು ತೋರಿಸುವ ಕೈಯನ್ನು ಹಿಡಿಯಬಲ್ಲವರು ದಂಡೆಯ ಮೇಲಿರುವ ನಾವೇ. ಆ ಕೈ ಕೆಲವೊಮ್ಮೆ ನಮ್ಮ ಮನೆಯವರದೇ ಆಗಿರುತ್ತದೆ. ಆಗ ಬೈಯದೆ, ಹೆದರದೆ, 'ಅಪ್ಪಾ, ಇಂದು ಬೇಡ' ಎಂದು ಹೇಳುವ ಧೈರ್ಯ ಒಂದು ಮಗುವಿಗೆ ಬಂದರೆ, ಮತ್ತು ಆ ಮಾತನ್ನು ಕೇಳಿ ತಲೆ ತಗ್ಗಿಸುವ ದೊಡ್ಡತನ ತಂದೆಗೆ ಬಂದರೆ, ಅಂಥ ಕಾವಲು ಯಾವ ಸಮುದ್ರದ ಮೇಲೂ ಇಲ್ಲ.